ನೋಡ್ 17 ಮನೆ ಬದಲಿಸಿದ್ದು

ಡ್ರೂಪಲ್ ಎಂಬುದು ಜಾಲತಾಣಗಳನ್ನು ಕಟ್ಟಿ ನಡೆಸುವ ಒಂದು ಮುಕ್ತ ತಂತ್ರಾಂಶ. ಅದರ ಏಳನೆಯ ಆವೃತ್ತಿ, ಡ್ರೂಪಲ್ 7, ಬಿಡುಗಡೆಯಾದದ್ದು 2011ರ ಜನವರಿ 5ರಂದು. ಅದರ ಬೆಂಬಲ ಕೊನೆಗೊಂಡದ್ದು 2025ರ ಜನವರಿ 5ರಂದು. ಸರಿಯಾಗಿ ಹದಿನಾಲ್ಕು ವರ್ಷ. ಈ ಗಡುವು ಮೊದಲು 2021ರ ನವೆಂಬರ್ ಎಂದಿತ್ತು. ಆಮೇಲೆ 2022ಕ್ಕೆ ಹೋಯಿತು, 2023ಕ್ಕೆ ಹೋಯಿತು, ಕಡೆಗೆ 2025ಕ್ಕೆ ಬಂದು ನಿಂತಿತು. ಪ್ರತಿ ಸಲ ಅದು ಮುಂದೆ ಹೋದಾಗಲೂ ನಾನು ನನ್ನ ಕೆಲಸವನ್ನು ಅಷ್ಟೇ ಮುಂದಕ್ಕೆ ತಳ್ಳಿದೆ. ನಾನು ನೋಡಿಕೊಳ್ಳುವ ಜಾಲತಾಣ ಹುಟ್ಟಿದ್ದೇ ಡ್ರೂಪಲ್ 7ರ ಮೇಲೆ. ಪ್ರಬಂಧ, ಅನುವಾದ, ಕವಿತೆ, ಸಂದರ್ಶನ ಎಲ್ಲ ಸೇರಿ ಮೂರು ಸಾವಿರಕ್ಕೂ ಹೆಚ್ಚು ಬರಹಗಳು ಅದರಲ್ಲಿದ್ದವು. ಐವರು ಸಂಪಾದಕರು, ಯಾರಿಗೂ ಸಂಬಳವಿಲ್ಲ. ತಾಂತ್ರಿಕ ಕೆಲಸಕ್ಕೆ ನಾನೊಬ್ಬನೇ.

ಬೆಂಬಲ ಮುಗಿದ ಮಾತ್ರಕ್ಕೆ ತಾಣವೇನೂ ನಿಂತುಹೋಗುವುದಿಲ್ಲವಲ್ಲ, ಇದ್ದ ಹಾಗೆ ಇರಲಿ ಎಂದು ಕೆಲವರು ಹೇಳಿದರು. ನನಗೆ 2014ರ ಅಕ್ಟೋಬರ್ 15 ಚೆನ್ನಾಗಿ ನೆನಪಿತ್ತು. ಹೊರಗಿನವರು ಲಾಗಿನ್ ಇಲ್ಲದೆಯೇ ಡೇಟಾಬೇಸಿಗೆ ಕೈಹಾಕಬಹುದಾದ ದೋಷವೊಂದು ಅಂದು ಪ್ರಕಟವಾಯಿತು, ಜೊತೆಯಲ್ಲೇ ಅದರ ತಿದ್ದುಪಡಿಯೂ ಬಂತು. ಎರಡು ವಾರದ ಮೇಲೆ ಡ್ರೂಪಲ್ ಭದ್ರತಾ ತಂಡ ಇನ್ನೊಂದು ಪ್ರಕಟಣೆ ಹೊರಡಿಸಿತು: ಏಳು ಗಂಟೆಗಳೊಳಗೆ ತಿದ್ದುಪಡಿ ಹಾಕದವರು ತಮ್ಮ ತಾಣ ದಾಳಿಗೆ ಸಿಕ್ಕಿದೆ ಎಂದೇ ತಿಳಿದು ಮುಂದಿನ ಕ್ರಮ ಕೈಗೊಳ್ಳಬೇಕು. ತಿದ್ದುಪಡಿ ಬಂದಾಗಲೇ ಏಳು ಗಂಟೆ ತಡವಾದರೆ ಗತಿ ಹೀಗೆ. ತಿದ್ದುಪಡಿಯೇ ಬಾರದ ಕಾಲಕ್ಕೆ ಮೂರು ಸಾವಿರ ಬರಹಗಳನ್ನು ಒಪ್ಪಿಸಿ ನಿದ್ದೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಡ್ರೂಪಲ್ಲಿನ ಏಳನೆಯ ಆವೃತ್ತಿಯಿಂದ ಹತ್ತಕ್ಕೆ ಹೋಗುವುದು ಗುಂಡಿ ಒತ್ತಿ ಮುಗಿಸುವ ಕೆಲಸವಲ್ಲ. 2015ರ ನವೆಂಬರಿನಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಡ್ರೂಪಲ್ ತನ್ನ ಒಳಗನ್ನೆಲ್ಲ ಹೊಸದಾಗಿ ಕಟ್ಟಿಕೊಂಡಿತು. ಸಿಂಫನಿ ಎಂಬ ಪಿಎಚ್‌ಪಿ ಚೌಕಟ್ಟಿನ ಭಾಗಗಳು ಒಳಗೆ ಬಂದವು, ತಾಣದ ಹೊರರೂಪ ನಿರ್ಧರಿಸುವ ಥೀಮುಗಳಿಗೆ ಟ್ವಿಗ್ ಎಂಬ ಟೆಂಪ್ಲೇಟ್ ಭಾಷೆ ಬಂತು. ಎಂಟರಿಂದ ಒಂಬತ್ತು, ಒಂಬತ್ತರಿಂದ ಹತ್ತು ಮೆಟ್ಟಿಲು ಹತ್ತಿದಂತೆ. ಏಳರಿಂದ ಎಂಟು ಮಾತ್ರ ಹೊಳೆ ದಾಟಿದಂತೆ. ಹಳೆಯ ಥೀಮ್ ಬಾರದು, ಹೆಚ್ಚುವರಿ ಸೌಲಭ್ಯಕ್ಕೆಂದು ನಾನು ಬರೆದುಕೊಂಡಿದ್ದ ಮಾಡ್ಯೂಲುಗಳು ಬಾರವು. ಬರಹಗಳನ್ನಷ್ಟೇ ಹೊತ್ತು ಆಚೆ ದಡ ಸೇರಿಸಬೇಕು. ಹೇಗೂ ಹೊಳೆ ದಾಟುವುದೇ ಆದಮೇಲೆ, ಆಚೆ ದಡದಲ್ಲಿ ಯಾವ ಮನೆಗೆ ಹೋಗುವುದು ಎಂದು ಒಮ್ಮೆ ಕೇಳಿಕೊಳ್ಳುವುದು ನ್ಯಾಯವೆನ್ನಿಸಿತು.

ಎಲ್ಲರಂತೆ ನಾನೂ ಮೊದಲು ಒಂದು ಹೋಲಿಕೆಯ ಪಟ್ಟಿ ಮಾಡಿದೆ. ಎಡಗಡೆ ಬೇಕಾದ ಸೌಲಭ್ಯಗಳು, ಮೇಲ್ಗಡೆ ತಂತ್ರಾಂಶಗಳ ಹೆಸರು. ಬಹುಭಾಷೆ ಇದೆಯೇ? ಹೌದು, ಹೌದು, ಹೌದು. ಹುಡುಕಾಟ? ಹೌದು. ಪರಿಷ್ಕರಣೆಗಳ ಇತಿಹಾಸ? ಹೌದು. ಯಾವ ಮನೆಯನ್ನು ನೋಡಿದರೂ ಹೌದು. ಇಪ್ಪತ್ತು ವರ್ಷ ಬಾಳಿದ ತಂತ್ರಾಂಶಗಳಲ್ಲಿ ಇಲ್ಲದ್ದನ್ನು ಯಾರೋ ಒಬ್ಬರು ಪ್ಲಗಿನ್, ಅಂದರೆ ಮೇಲಿಂದ ಜೋಡಿಸಿಕೊಳ್ಳುವ ತುಣುಕು, ಆಗಿ ಬರೆದೇ ಇರುತ್ತಾರೆ. ಆ ಪಟ್ಟಿಯಿಂದ ನನಗೆ ಏನೂ ತಿಳಿಯಲಿಲ್ಲ. ಅದನ್ನು ಬಿಟ್ಟು, ನಮ್ಮ ತಾಣದ ಅತಿ ಕಷ್ಟದ ನಲವತ್ತು ಬರಹಗಳನ್ನು ಆರಿಸಿದೆ. ಮೂಲ ಲೇಖಕರು ಒಬ್ಬರು, ಅನುವಾದಕರು ಇಬ್ಬರು ಇರುವ ಕಥೆ; ಅರವತ್ತು ಅಡಿಟಿಪ್ಪಣಿಗಳ ಪ್ರಬಂಧ; ಸಾಲಿನ ಮೊದಲಲ್ಲಿ ಬೇಕೆಂದೇ ಜಾಗ ಬಿಟ್ಟ ಕವಿತೆ; ಹನ್ನೊಂದು ಕಂತುಗಳ ಮಾಲೆ; ನಡುನಡುವೆ ಧ್ವನಿಮುದ್ರಣ ಸೇರಿದ ಸಂದರ್ಶನ. ಸುಲಭದ ಬರಹ ಎಲ್ಲಿಯೂ ಕೂರುತ್ತದೆ. ಈ ನಲವತ್ತು ಎಲ್ಲಿ ನೆಮ್ಮದಿಯಾಗಿ ಕೂರುತ್ತವೆಯೋ ಅದೇ ನಮ್ಮ ಮನೆ ಎಂದು ತೀರ್ಮಾನಿಸಿ, ನನ್ನ ಕಂಪ್ಯೂಟರಿನಲ್ಲಿಯೇ ಐದು ತಂತ್ರಾಂಶಗಳನ್ನು ಅಕ್ಕಪಕ್ಕ ಸ್ಥಾಪಿಸಿದೆ.

ಜೂಮ್ಲಾ ಬೇಗ ಹೊರಗೆ ಬಿತ್ತು, ಆದರೆ ಗೌರವದಿಂದ. 2005ರಲ್ಲಿ ಮ್ಯಾಂಬೊ ಯೋಜನೆಯಿಂದ ಕವಲೊಡೆದು ಬಂದ ಈ ತಂತ್ರಾಂಶದ ಹೆಸರಿನ ಮೂಲ ಸ್ವಾಹಿಲಿ ಭಾಷೆಯಲ್ಲಿದೆ. ಎಲ್ಲರೂ ಒಟ್ಟಾಗಿ ಎಂದು ಅರ್ಥ. ಹಲವು ಭಾಷೆಗಳ ವ್ಯವಸ್ಥೆ ಅದರ ಮೂಲದಲ್ಲೇ ಇದೆ, ಯಾರು ಏನನ್ನು ನೋಡಬಹುದು, ತಿದ್ದಬಹುದು ಎಂಬ ಅನುಮತಿಗಳನ್ನು ಅದರಷ್ಟು ನಯವಾಗಿ ಮೂಲದಲ್ಲೇ ಕೊಡುವ ಇನ್ನೊಂದನ್ನು ಈ ಐದರಲ್ಲಿ ನಾನು ಕಾಣಲಿಲ್ಲ. ಆದರೆ ಅಲ್ಲಿ ಒಂದು ಬರಹ ಒಂದೇ ವರ್ಗಕ್ಕೆ ಸೇರಬೇಕು. ಅದಕ್ಕಿಂತ ಹೆಚ್ಚಾಗಿ, ಪುಟದ ವಿಳಾಸ ಮೆನುವಿಗೆ ಅಂಟಿಕೊಂಡಿರುತ್ತದೆ. ಮೆನುವಿನ ಒಂದು ಅಂಶವನ್ನು ಬದಲಿಸಿದಾಗ ಅದರ ಕೆಳಗಿದ್ದ ಬರಹಗಳ ವಿಳಾಸವೂ ಬದಲಾದದ್ದನ್ನು ಕಂಡು ನಾನು ಅಲ್ಲಿಗೇ ನಿಲ್ಲಿಸಿದೆ. ವಿಳಾಸ ನನಗೆ ಬರಹದಷ್ಟೇ ಮುಖ್ಯ.

ಹ್ಯೂಗೊ ನನ್ನ ಮನಸ್ಸನ್ನು ಒಂದು ವಾರ ಹಿಡಿದಿಟ್ಟಿತು. ಅದು ಡೇಟಾಬೇಸ್ ಇಟ್ಟುಕೊಳ್ಳುವುದಿಲ್ಲ. ಸರಳ ಪಠ್ಯದ ಕಡತಗಳನ್ನು ಓದಿ ಇಡೀ ತಾಣವನ್ನು ಸಿದ್ಧ ಪುಟಗಳಾಗಿ ಬರೆದಿಡುತ್ತದೆ. ಮೂರು ಸಾವಿರ ಪುಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಇಲ್ಲ, ಲಾಗಿನ್ ಪುಟವಿಲ್ಲ, ಕನ್ನ ಹಾಕಲು ಬಾಗಿಲೇ ಇಲ್ಲ. ನಾನೊಬ್ಬನೇ ಬರೆಯುವ ತಾಣವಾಗಿದ್ದರೆ ಅಲ್ಲೇ ಉಳಿಯುತ್ತಿದ್ದೆ. ಆದರೆ ಒಂದು ಅಲ್ಪವಿರಾಮ ತಿದ್ದಬೇಕಾದರೂ ಸಂಪಾದಕರು ಕಡತಗಳ ಬದಲಾವಣೆಯನ್ನು ದಾಖಲಿಸುವ ಗಿಟ್ ಎಂಬ ಸಾಧನವನ್ನು ಕಲಿಯಬೇಕು, ಇಲ್ಲವೇ ನನಗೆ ಮಿಂಚಂಚೆ ಕಳಿಸಿ ಕಾಯಬೇಕು. ಅದು ಅವರ ಕೈಯಿಂದ ಲೇಖನಿಯನ್ನು ಕಿತ್ತುಕೊಂಡಂತೆ. ಬ್ಯಾಕ್‌ಡ್ರಾಪ್ ಎಂಬುದೂ ಇತ್ತು: ಡ್ರೂಪಲ್ 7ರಿಂದಲೇ ಕವಲೊಡೆದು 2015ರ ಜನವರಿಯಲ್ಲಿ ಮೊದಲ ಆವೃತ್ತಿ ಕಂಡದ್ದು. ಹಳೆಯ ಡೇಟಾಬೇಸನ್ನು ಇದ್ದ ಹಾಗೆಯೇ ಎತ್ತಿಕೊಳ್ಳುತ್ತದೆ. ಬೇರೆ ಆಯ್ಕೆಗಳು ಸೋತಿದ್ದರೆ ನಾನು ನಿಸ್ಸಂಕೋಚವಾಗಿ ಅಲ್ಲಿಗೆ ಹೋಗುತ್ತಿದ್ದೆ. ಅದರ ಸಮುದಾಯ ಚಿಕ್ಕದು, ನನ್ನ ನಂತರ ಬರುವವರಿಗೆ ಅದು ಗೊತ್ತಿರುವ ಸಾಧ್ಯತೆ ಕಡಿಮೆ ಎಂಬುದೊಂದೇ ಅಡ್ಡ ಬಂದದ್ದು.

ಉಳಿದದ್ದು ಡ್ರೂಪಲ್ 10 ಮತ್ತು ವರ್ಡ್‌ಪ್ರೆಸ್. ನನ್ನ ಒಲವು ಡ್ರೂಪಲ್ ಕಡೆಗೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬರಹ, ವ್ಯಕ್ತಿ, ಮಾಲೆ ಇವುಗಳನ್ನು ಬೇರೆಬೇರೆ ವಸ್ತುಗಳಾಗಿ ಕಾಣುವುದನ್ನು, ಅವುಗಳ ನಡುವೆ ಸಂಬಂಧ ಕಟ್ಟುವುದನ್ನು ನನಗೆ ಕಲಿಸಿದ್ದೇ ಡ್ರೂಪಲ್. ಹತ್ತನೆಯ ಆವೃತ್ತಿಯಲ್ಲಿ ಅದೆಲ್ಲ ಇನ್ನೂ ಅಚ್ಚುಕಟ್ಟು. ಬರಹಗಳ ಪಟ್ಟಿ ಕಟ್ಟಿಕೊಡುವ, ಹಿಂದೆ ಬೇರೆಯಾಗಿ ಹಾಕಿಕೊಳ್ಳಬೇಕಿದ್ದ ವ್ಯೂಸ್ ಈಗ ಮೂಲದಲ್ಲೇ ಇದೆ. ತಾಣದ ಎಲ್ಲ ಹೊಂದಿಕೆಗಳನ್ನು ಯಾಮಲ್ ಎಂಬ ಸರಳ ಪಠ್ಯದ ಕಡತಗಳಾಗಿ ಹೊರತೆಗೆದು ಇಟ್ಟುಕೊಳ್ಳಬಹುದು. ನಲವತ್ತು ಬರಹಗಳೂ ಅಲ್ಲಿ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತವು. ವರ್ಡ್‌ಪ್ರೆಸ್ಸಿನಲ್ಲಿ ಮೂವತ್ತು ಕೂತವು, ಹತ್ತು ಜಗ್ಗಾಡಿದವು.

ಆಮೇಲೆ ಸಂಪಾದಕರ ಸರದಿ. ಎರಡೂ ತಾಣಗಳಲ್ಲಿ ಒಂದೇ ಅನುವಾದಿತ ಕಥೆಯನ್ನು ಯಾರ ಸಹಾಯವೂ ಇಲ್ಲದೆ ಸೇರಿಸಿ ಎಂದು ಐವರನ್ನೂ ಕೇಳಿಕೊಂಡೆ. ನಾನು ಪಕ್ಕದಲ್ಲಿ ಮಾತಾಡದೆ ಕುಳಿತೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಸಂಪಾದಕಿ ಡ್ರೂಪಲ್ ಫಾರಂ ತೆರೆದು ಕೆಳಗಿನವರೆಗೂ ಸರಿಸಿ ನೋಡಿದರು. ಹತ್ತೊಂಬತ್ತು ಅಂಕಣಗಳಿದ್ದವು. "ಇಷ್ಟನ್ನೂ ತುಂಬುವ ಹೊತ್ತಿಗೆ ಕಥೆ ಏನಿತ್ತು ಎಂಬುದೇ ನನಗೆ ಮರೆತುಹೋಗುತ್ತದಲ್ಲ" ಎಂದರು. ಆ ಫಾರಂ ಕಟ್ಟಿದ್ದು ನಾನು, ತಪ್ಪು ಡ್ರೂಪಲ್ಲಿನದಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಅವರು ಶೀರ್ಷಿಕೆ ಬರೆದು, ಕಥೆಯನ್ನು ಅಂಟಿಸಿ, ಚಿತ್ರ ಸೇರಿಸಿ ಕಾಲು ಗಂಟೆಯಲ್ಲಿ ಮುಗಿಸಿದರು. ಮುಗಿಸಿ, ತಿರುಗಿ ಕೇಳಿದರು: "ಎಲ್ಲ ಸರಿ. ಇದರಲ್ಲಿ ಅನುವಾದಕರ ಹೆಸರನ್ನು ಎಲ್ಲಿ ಹಾಕಲಿ ಹೇಳಿ?"

ಹಾಕಲು ಜಾಗವಿರಲಿಲ್ಲ. ವರ್ಡ್‌ಪ್ರೆಸ್‌ಗೆ ಲೇಖಕ ಎಂದರೆ ಲಾಗಿನ್ ಇರುವ ಬಳಕೆದಾರ. 2003ರಲ್ಲಿ ಬಿ2 ಎಂಬ ಬ್ಲಾಗ್ ತಂತ್ರಾಂಶದಿಂದ ಕವಲೊಡೆದದ್ದಲ್ಲವೇ, ಬರೆದವರೇ ಪ್ರಕಟಿಸುತ್ತಾರೆ ಎಂಬ ಹುಟ್ಟುಗುಣ ಇನ್ನೂ ಉಳಿದಿದೆ. ಶತಮಾನದ ಹಿಂದೆ ತೀರಿಕೊಂಡ ಕಥೆಗಾರರಿಗೆ ಪಾಸ್‌ವರ್ಡ್ ಕೊಡುವುದು ಹೇಗೆ? ಈ ಒಂದು ಪ್ರಶ್ನೆಯ ಮೇಲೆ ನಾನು ಬಹಳ ದಿನ ಯೋಚಿಸಿದೆ. ಡ್ರೂಪಲ್ ಫಾರಮನ್ನು ಸರಳಗೊಳಿಸುವುದೂ ಸಾಧ್ಯ, ವರ್ಡ್‌ಪ್ರೆಸ್ಸಿನಲ್ಲಿ ಅನುವಾದಕರಿಗೆ ಜಾಗ ಮಾಡುವುದೂ ಸಾಧ್ಯ. ಎರಡೂ ಒಂದು ವಾರದ ಕೆಲಸ. ಕೊನೆಗೆ ತೀರ್ಮಾನವಾದದ್ದು ಬೇರೆ ಕಾರಣದಿಂದ. ಡ್ರೂಪಲ್ 10ರ ಮೂಲವನ್ನು ನವೀಕರಿಸಲು ಕಮಾಂಡ್ ಸಾಲಿನಲ್ಲಿ ಕಂಪೋಸರ್ ಎಂಬ ಸಾಧನವನ್ನು ಓಡಿಸುವುದು ರೂಢಿ. ಅದು ನಮ್ಮ ಗುಂಪಿನಲ್ಲಿ ನನಗೆ ಮಾತ್ರ ಗೊತ್ತು. ನಾನು ಒಂದು ತಿಂಗಳು ಇಲ್ಲದಿದ್ದರೂ ವರ್ಡ್‌ಪ್ರೆಸ್ಸನ್ನು ಉಳಿದವರಲ್ಲಿ ಯಾರಾದರೂ ನವೀಕರಿಸಬಲ್ಲರು. ಈ ಸಣ್ಣ ತಂಡಕ್ಕೆ ಅದೇ ಸರಿ ಎಂದು ಒಪ್ಪಿಕೊಂಡೆ. ನಾಲ್ಕು ಜನ ತಂತ್ರಜ್ಞರಿರುವ ಗುಂಪು ನನ್ನನ್ನು ಕೇಳಿದರೆ ಈಗಲೂ ಡ್ರೂಪಲ್ ಎಂದೇ ಹೇಳುತ್ತೇನೆ.

ಒಂದು ಶಬ್ದವನ್ನೂ ಸಾಗಿಸುವ ಮೊದಲು ಕೆಲವು ಕಟ್ಟುಪಾಡು ಹಾಕಿಕೊಂಡೆ. ಮೂಲ ಲೇಖಕರು, ಅನುವಾದಕರು, ಮಾಲೆಗಳು ಎಲ್ಲವೂ ವರ್ಗೀಕರಣದ ಪದಗಳಾಗಿ, ಅಂದರೆ ವರ್ಡ್‌ಪ್ರೆಸ್ಸಿನ ಟ್ಯಾಕ್ಸಾನಮಿಗಳಾಗಿ ಇರಬೇಕು. ಅವುಗಳನ್ನು ಘೋಷಿಸುವ ಹತ್ತಾರು ಸಾಲು ಥೀಮಿನಲ್ಲಿ ಇರಕೂಡದು, ನಮ್ಮದೇ ಪುಟ್ಟ ಪ್ಲಗಿನ್ನಿನಲ್ಲಿ ಇರಬೇಕು. ಥೀಮಿನಲ್ಲಿ ಬರೆದರೆ ನಾಳೆ ಅಂಗಿ ಬದಲಿಸಿದಾಗ ಎಲುಬೂ ಜೊತೆಗೆ ಹೋಗುತ್ತದೆ. ಪುಟ ಕಟ್ಟುವ ಬಿಲ್ಡರ್ ಪ್ಲಗಿನ್ನುಗಳು ಬೇಡವೇ ಬೇಡ. ಅವುಗಳಲ್ಲಿ ಹಲವು ಬರಹದ ಒಳಗೆ ಚೌಕ ಆವರಣದ ಶಾರ್ಟ್‌ಕೋಡುಗಳನ್ನು ತುರುಕುತ್ತವೆ. ಪ್ಲಗಿನ್ ತೆಗೆದ ದಿನ ಆ ಆವರಣಗಳು ಓದುಗರ ಕಣ್ಣಿಗೆ ಹಾಗೆಯೇ ಬೀಳುತ್ತವೆ. ಅಡಿಟಿಪ್ಪಣಿಗೆ 2023ರ 6.3ನೆಯ ಆವೃತ್ತಿಯಿಂದ ವರ್ಡ್‌ಪ್ರೆಸ್ಸಿನಲ್ಲಿಯೇ ಒಂದು ಬ್ಲಾಕ್ ಇದೆ, ನೋಡಲು ಚೆನ್ನಾಗಿದೆ. ಆದರೆ ಅದು ಟಿಪ್ಪಣಿಯ ಪಠ್ಯವನ್ನು ಬರಹದೊಳಗೆ ಇಡುವುದಿಲ್ಲ. ಹೆಚ್ಚುವರಿ ಮಾಹಿತಿಗೆಂದಿರುವ ಪಕ್ಕದ ಮೆಟಾ ಕೋಷ್ಟಕದಲ್ಲಿ ಇಡುತ್ತದೆ. ಬರಹವನ್ನು ಮಾತ್ರ ಎತ್ತಿಕೊಂಡು ಹೋಗುವವರಿಗೆ ಟಿಪ್ಪಣಿ ಸಿಗದು. ನಮ್ಮ ಅಡಿಟಿಪ್ಪಣಿಗಳು ಬರಹದ ಕೊನೆಯಲ್ಲೇ ಸರಳ ಎಚ್‌ಟಿಎಂಎಲ್ ಆಗಿ ಇರಲಿ ಎಂದು ಬಿಟ್ಟೆ.

ಈ ಎಚ್ಚರವೆಲ್ಲ ಬಂದದ್ದು ಹಳೆಯ ತಾಣವನ್ನು ಬಿಚ್ಚಿ ನೋಡಿದ್ದರಿಂದ. ಡ್ರೂಪಲ್ 7ರಲ್ಲಿ ಡೇಟಾಬೇಸಿನಲ್ಲಿರುವ ಬರಹವೂ ಓದುಗರು ನೋಡುವ ಬರಹವೂ ಒಂದೇ ಅಲ್ಲ. ಬರೆದದ್ದು ಬರೆದ ಹಾಗೆ ಒಳಗಿರುತ್ತದೆ. ತೋರಿಸುವಾಗ ಒಂದರ ಮೇಲೊಂದು ಶೋಧಕಗಳು ಓಡಿ ಸಾಲು ಮುರಿಯುತ್ತವೆ, ಪ್ಯಾರಾ ಕಟ್ಟುತ್ತವೆ, ಟಿಪ್ಪಣಿಗೆ ಸಂಖ್ಯೆ ಕೊಡುತ್ತವೆ. ಮೊದಲ ಪ್ರಯತ್ನದಲ್ಲಿ ನಾನು ಒಳಗಿನದನ್ನೇ ಎತ್ತಿ ವರ್ಡ್‌ಪ್ರೆಸ್‌ಗೆ ಸುರಿದೆ. ಟಿಪ್ಪಣಿಗಳ ಜಾಗದಲ್ಲಿ ಗುರುತುಗಳು ಉಳಿದವು. ಚಿತ್ರಗಳ ಜಾಗದಲ್ಲಿ ಎರಡೆರಡು ಚೌಕ ಆವರಣಗಳ ನಡುವೆ ಜೇಸನ್ ಎಂಬ ದತ್ತಾಂಶ ರೂಪದ ತುಣುಕುಗಳು ಕಾಣಿಸಿಕೊಂಡವು. ಮೀಡಿಯಾ ಮಾಡ್ಯೂಲ್ ಚಿತ್ರವನ್ನು ನೆನಪಿಟ್ಟುಕೊಳ್ಳುತ್ತಿದ್ದ ಬಗೆ ಅದು. ಕವಿತೆಗಳದ್ದು ಇನ್ನೊಂದು ಪಾಡು. ಎರಡನೆಯ ಪ್ರಯತ್ನದಲ್ಲಿ ಶೋಧಕಗಳನ್ನು ಓಡಿಸಿ ಸಿದ್ಧ ಪಠ್ಯವನ್ನೇ ಸಾಗಿಸಿದೆ. ವರ್ಡ್‌ಪ್ರೆಸ್ಸಿಗೂ ತನ್ನದೇ ಪ್ಯಾರಾ ಕಟ್ಟುವ ಚಾಳಿ ಇದೆ. ಎರಡೂ ಸೇರಿ ಪ್ರತಿ ಸಾಲಿನ ನಡುವೆ ಖಾಲಿ ಸಾಲು ಬಂತು. ಶೋಧಕಗಳನ್ನು ಡ್ರೂಪಲ್ ಕಡೆಯಲ್ಲಿ ಪೂರ್ತಿಯಾಗಿ ಓಡಿಸಿ, ಟ್ಯಾಗುಗಳ ಹೊರಗಿನ ಸಾಲು ಮುರಿತಗಳನ್ನೆಲ್ಲ ತೆಗೆದು, ಆಮೇಲೆ ಸಾಗಿಸಿದಾಗ ಮಾತ್ರ ಕವಿತೆಗಳು ತಮ್ಮ ಉಸಿರಿಗೆ ಮರಳಿದವು.

ಇಲ್ಲೊಂದು ಮಾತು ಹೇಳಲೇಬೇಕು. ಮುಕ್ತ ತಂತ್ರಾಂಶ ಎಂದರೆ ಹಣ ಕೊಡಬೇಕಿಲ್ಲದ ತಂತ್ರಾಂಶ ಎಂದೇ ನಾನು ಬಹುಕಾಲ ವ್ಯವಹರಿಸಿದ್ದೆ. ಈ ಕೆಲಸದ ನಡುವೆ ಅದರ ಬೆಲೆ ಬೇರೆಯಾಗಿ ತಿಳಿಯಿತು. ಡ್ರೂಪಲ್ ಬರಹವನ್ನು ಯಾವ ಕೋಷ್ಟಕದಲ್ಲಿ, ಯಾವ ಹೆಸರಿನಲ್ಲಿ ಇಟ್ಟಿದೆ, ಶೋಧಕಗಳು ಯಾವ ಕ್ರಮದಲ್ಲಿ ಓಡುತ್ತವೆ ಎಂಬುದನ್ನು ನಾನು ಅದರ ಮೂಲದಲ್ಲೇ, ಅಂದರೆ ಸೋರ್ಸ್ ಕೋಡಿನಲ್ಲೇ, ಓದಿದೆ. ವರ್ಡ್‌ಪ್ರೆಸ್ ಅದನ್ನು ಹೇಗೆ ಸ್ವೀಕರಿಸುತ್ತದೆ ಎಂಬುದನ್ನೂ ಅದರ ಮೂಲದಲ್ಲೇ ಓದಿದೆ. ಮೂಲವನ್ನು ಓದಲು, ತಿದ್ದಲು, ಹಂಚಲು ಬಿಡುವ ಜಿಪಿಎಲ್ ಪರವಾನಗಿ ಎರಡರದ್ದೂ. ಹೊರಗೆ ಹೋಗುವ ಬಾಗಿಲಿನ ಬೀಗದ ಕೈ ನನ್ನ ಬಳಿಯೇ ಇತ್ತು, ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ.

ಹಾಗೆ ಓದುವಾಗಲೇ ಈ ವಲಸೆಯ ಅತ್ಯಂತ ಉಪಯುಕ್ತ ಸಂಗತಿ ಸಿಕ್ಕಿತು. ಡ್ರೂಪಲ್ಲಿನಲ್ಲಿ ಪ್ರತಿ ಬರಹವೂ ಒಂದು ನೋಡ್, ಅದಕ್ಕೊಂದು ಅಂಕಿ. ವರ್ಡ್‌ಪ್ರೆಸ್ಸಿನಲ್ಲೂ ಪ್ರತಿ ಬರಹಕ್ಕೆ ಅಂಕಿಯಿದೆ, ಆದರೆ ಅದನ್ನು ಡೇಟಾಬೇಸ್ ತಾನಾಗಿ ಕೊಡುತ್ತದೆ. ಹೊಸ ಬರಹ ಸೇರಿಸುವ ಅದರ ಫಂಕ್ಷನ್ನಿಗೆ 'ಇಂಪೋರ್ಟ್ ಐಡಿ' ಎಂಬ ಒಂದು ಐಚ್ಛಿಕ ಅಂಶವನ್ನು ಕೊಡಬಹುದು. ಆ ಅಂಕಿ ಖಾಲಿಯಿದ್ದರೆ ಬರಹಕ್ಕೆ ಅದೇ ದಕ್ಕುತ್ತದೆ. ಅಂದರೆ ನೋಡ್ 17 ಹೊಸ ಮನೆಯಲ್ಲೂ 17 ಆಗಿಯೇ ಉಳಿಯಬಹುದು! ಅದನ್ನು ಓದಿದ ರಾತ್ರಿ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಹೋಗಿ ಸೋತೆ. ಆದರೆ ಇದಕ್ಕೂ ಷರತ್ತುಗಳಿವೆ. ಹೊಸ ವರ್ಡ್‌ಪ್ರೆಸ್ಸಿನಲ್ಲಿ ಮಾದರಿ ಬರಹ, ಮಾದರಿ ಪುಟ, ಗೌಪ್ಯತಾ ನೀತಿಯ ಕರಡು ಎಂದು 1, 2, 3 ಮೊದಲೇ ತುಂಬಿರುತ್ತವೆ. ಅವನ್ನು ಕಸದ ಬುಟ್ಟಿಗೆ ಹಾಕಿದರೆ ಸಾಲದು, ಶಾಶ್ವತವಾಗಿ ಅಳಿಸಬೇಕು. ಚಿತ್ರಗಳಿಗೂ ಅಂಕಿ ಸಿಗುವುದು ಅದೇ ಕೋಷ್ಟಕದಿಂದ. ಆದ್ದರಿಂದ ಬರಹಗಳೆಲ್ಲ ಕೂತ ಮೇಲೆ ಚಿತ್ರಗಳನ್ನು ತರಬೇಕು. ಒಂದು ಸಲ 4, 5 ಎರಡು ಅಂಕಿಗಳು ಹೊಂದದೆ ತಲೆಕೆಡಿಸಿಕೊಂಡೆ. ಸಾಗಣೆ ಶುರುಮಾಡುವ ಮೊದಲು ನಾನು ಹೊಸ ಬರಹದ ಪುಟವನ್ನು ಎರಡು ಸಲ ಸುಮ್ಮನೆ ತೆರೆದಿದ್ದೆ. ತೆರೆದ ಮಾತ್ರಕ್ಕೆ ವರ್ಡ್‌ಪ್ರೆಸ್ ಒಂದೊಂದು ಕರಡು ಸೃಷ್ಟಿಸಿ ಅಂಕಿ ಕೊಟ್ಟುಬಿಟ್ಟಿತ್ತು.

ಅಂಕಿ ಉಳಿದದ್ದರಿಂದ ವಿಳಾಸದ ಸಮಸ್ಯೆ ಅರ್ಧ ಬಗೆಹರಿಯಿತು. ಇನ್ನರ್ಧ ಕನ್ನಡ ಲಿಪಿಗೆ ಸಂಬಂಧಿಸಿದ್ದು. ನಮ್ಮ ಹಳೆಯ ವಿಳಾಸಗಳು ಕನ್ನಡ ಶೀರ್ಷಿಕೆಗಳಿಂದಲೇ ಆದವು. ಡ್ರೂಪಲ್ 7 ಅವುಗಳನ್ನು ಕನ್ನಡ ಅಕ್ಷರಗಳಾಗಿಯೇ 255ರ ಮಿತಿಯ ಅಂಕಣದಲ್ಲಿ ಇಟ್ಟಿತ್ತು. ವರ್ಡ್‌ಪ್ರೆಸ್ ಹಾಗಲ್ಲ, ಶೇಕಡಾ ಚಿಹ್ನೆಗಳ ಸಂಕೇತಕ್ಕೆ ತಿರುಗಿಸಿ 200ರ ಮಿತಿಯ ಅಂಕಣದಲ್ಲಿ ಇಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಒಂದು ಬೈಟಿಗೆ ಮೂರು ಅಕ್ಷರದಂತೆ ಒಟ್ಟು ಒಂಬತ್ತು. ಸ್ವರಚಿಹ್ನೆಗೂ ಒಂಬತ್ತು, ಒತ್ತಕ್ಷರದೊಳಗಿನ ವಿರಾಮಕ್ಕೂ ಒಂಬತ್ತು. ಕನ್ನಡ ಎಂಬ ಪದಕ್ಕೇ 45 ಬೇಕು. 'ಭಾಷಾಂತರದ ಕಷ್ಟಗಳು ಮತ್ತು ಸುಖಗಳು' ಎಂಬ ಶೀರ್ಷಿಕೆ ವಿಳಾಸವಾಗುವಾಗ 'ಭಾಷಾಂತರದ ಕಷ್ಟಗಳು ಮತ್ತು ಸ' ಎಂಬಲ್ಲಿಗೆ ತುಂಡಾಯಿತು. ಕಷ್ಟಗಳು ಉಳಿದು ಸುಖಗಳು ಹೋದವು. ನಾನು ಹೊಸ ವಿಳಾಸಗಳಲ್ಲಿ ಶೀರ್ಷಿಕೆಯನ್ನೇ ಕೈಬಿಟ್ಟು ಅಂಕಿಯನ್ನಷ್ಟೇ ಇಟ್ಟೆ. ಹುಡುಕುತಾಣಗಳಿಗೆ ಶೀರ್ಷಿಕೆಯಿರುವ ವಿಳಾಸವೇ ಇಷ್ಟ ಎಂದು ಎಚ್ಚರಿಸಿದವರಿದ್ದಾರೆ. ಮುಂದಿನ ಹೊಳೆಯನ್ನೂ ದಾಟಬಲ್ಲ ವಿಳಾಸ ನನಗೆ ಹೆಚ್ಚು ಇಷ್ಟ.

ಹಳೆಯ ಕನ್ನಡ ವಿಳಾಸಗಳೆಲ್ಲವೂ 301 ರೀಡೈರೆಕ್ಟಿನ ಮೂಲಕ, ಅಂದರೆ ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎಂಬ ಸೂಚನೆಯ ಮೂಲಕ, ಅಂಕಿಯ ಹೊಸ ವಿಳಾಸಕ್ಕೆ ಬರುವಂತೆ ಡ್ರೂಪಲ್ಲಿನ ವಿಳಾಸಗಳ ಕೋಷ್ಟಕದಿಂದಲೇ ಪಟ್ಟಿ ತಯಾರಿಸಿದೆ. ಅರ್ಧ ಕೆಲಸ ಮಾಡಿದವು, ಅರ್ಧ ಮಾಡಲಿಲ್ಲ. ಕಾರಣ ಸಿಗಲು ಎರಡು ದಿನ ಹಿಡಿಯಿತು. ಶೇಕಡಾ ಸಂಕೇತದಲ್ಲಿ ಹದಿನಾರರ ಮೂಲದ ಅಂಕೆಗಳು ಬರುತ್ತವೆ. ಅವುಗಳಲ್ಲಿನ ರೋಮನ್ ಅಕ್ಷರಗಳು ದೊಡ್ಡವಿರಲಿ, ಚಿಕ್ಕವಿರಲಿ, ನಿಯಮದ ಪ್ರಕಾರ ವಿಳಾಸ ಒಂದೇ. ಬ್ರೌಸರುಗಳು ದೊಡ್ಡ ಅಕ್ಷರ ಕಳಿಸುತ್ತಿದ್ದವು. ನನ್ನ ಪಟ್ಟಿಯ ಒಂದು ಭಾಗ ವರ್ಡ್‌ಪ್ರೆಸ್ಸಿನ ಫಂಕ್ಷನ್ನಿನಿಂದ ಹಾದುಬಂದು ಚಿಕ್ಕ ಅಕ್ಷರದಲ್ಲಿತ್ತು. ಹೋಲಿಸುವ ಮೊದಲು ಎರಡನ್ನೂ ಬಿಡಿಸಿ ಕನ್ನಡಕ್ಕೇ ತಂದು, ಕನ್ನಡವನ್ನು ಕನ್ನಡದೊಂದಿಗೆ ಹೋಲಿಸಿದಾಗ ಎಲ್ಲವೂ ಸರಿಹೋದವು.

ಸಣ್ಣ ವಿಷಯಗಳು ಹಲವು ಇದ್ದವು, ಬೇಗ ಹೇಳಿ ಮುಗಿಸುತ್ತೇನೆ. ಡ್ರೂಪಲ್ ಸಮಯವನ್ನು ಯುನಿಕ್ಸ್ ಸೆಕೆಂಡುಗಳಲ್ಲಿ, ಅಂದರೆ 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳಲ್ಲಿ, ಇಡುತ್ತದೆ, ವರ್ಡ್‌ಪ್ರೆಸ್ ಸ್ಥಳೀಯ ಸಮಯ ಮತ್ತು ಗ್ರೀನ್‌ವಿಚ್ ಸಮಯ ಎರಡನ್ನೂ ಇಡುತ್ತದೆ; ಒಂದನ್ನೇ ತುಂಬಿದಾಗ ಮುಂಜಾನೆ ಪ್ರಕಟವಾದ ಬರಹಗಳು ಹಿಂದಿನ ದಿನಾಂಕಕ್ಕೆ ಜಾರಿದವು. ಪಾಸ್‌ವರ್ಡುಗಳು ಬರಲಿಲ್ಲ, ಎರಡೂ ಕಡೆ ಅವುಗಳನ್ನು ಮರೆಮಾಡುವ ವಿಧಾನ ಬೇರೆ, ಐವರಿಗೂ ಹೊಸದಾಗಿ ಹಾಕಿಕೊಳ್ಳಿ ಎಂದೆ. ಆರ್‌ಎಸ್‌ಎಸ್ ಎಂಬ ಹೊಸ ಬರಹಗಳ ಸೂಚನಾ ಪಟ್ಟಿಯ ಮೂಲಕ ಓದುವವರಿಗಾಗಿ ಪ್ರತಿ ಬರಹಕ್ಕೂ ಇರುವ ಶಾಶ್ವತ ಗುರುತನ್ನು ಹಳೆಯದೇ ಇಟ್ಟೆ, ಇಲ್ಲದಿದ್ದರೆ ಅವರಿಗೆ ಹಳೆಯ ಬರಹಗಳೆಲ್ಲ ಹೊಸದಾಗಿ ಬಂದು ಬೀಳುತ್ತಿದ್ದವು.

ಇಷ್ಟೆಲ್ಲ ಆದಮೇಲೂ ನನಗೆ ಧೈರ್ಯ ಬಂದಿರಲಿಲ್ಲ. ಮೂರು ಸಾವಿರ ಬರಹಗಳನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಲಾಗದು. ಒಂದು ಸಣ್ಣ ಪ್ರೋಗ್ರಾಂ ಬರೆದೆ: ಹಳೆಯ ತಾಣದ ಪುಟವನ್ನೂ ಹೊಸ ತಾಣದ ಪುಟವನ್ನೂ ತೆರೆದು, ಟ್ಯಾಗುಗಳನ್ನೆಲ್ಲ ತೆಗೆದು, ಉಳಿದ ಪಠ್ಯವನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವುದು. ಈ ವಲಸೆಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಮೊದಲ ಸಲ ಓಡಿಸಿದಾಗ ಎಂಟುನೂರಕ್ಕೂ ಹೆಚ್ಚು ಬರಹಗಳು ಹೊಂದುತ್ತಿಲ್ಲ ಎಂದು ಬಂತು. ತೆರೆದು ನೋಡಿದರೆ ಮೇಲ್ನೋಟಕ್ಕೆ ವ್ಯತ್ಯಾಸವೇ ಕಾಣದು. ಆಮೇಲೆ ಕಣ್ಣಿಗೆ ಬಿತ್ತು: ಹಳೆಯದರಲ್ಲಿ 'ಸಾಫ್ಟ್‌ವೇರ್', ಹೊಸದರಲ್ಲಿ 'ಸಾಫ್ಟ್ವೇರ್'. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ನಡುವೆ ನಿಲ್ಲಿಸುವ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತವಿದೆ. ಪಠ್ಯದಲ್ಲಿ ಸೇರಿಕೊಂಡ ಅನಗತ್ಯ ಅದೃಶ್ಯ ಸಂಕೇತಗಳನ್ನು ಗುಡಿಸಲು ನಾನು ಬರೆದಿದ್ದ ಎರಡು ಸಾಲು ಅದನ್ನೂ ಗುಡಿಸಿಹಾಕಿತ್ತು. ಬೇರೊಂದು ಲಿಪಿಯವರಿಗಾಗಿ ಬರೆದ ಶುಚಿಗೊಳಿಸುವ ಸೂತ್ರವನ್ನು ನಾನು ಯೋಚಿಸದೆ ಎತ್ತಿಕೊಂಡಿದ್ದೆ. ಲೇಖಕರು ಬರೆದ ಪದವನ್ನು ಅವರಿಗೆ ತಿಳಿಯದಂತೆ ಎಂಟುನೂರು ಕಡೆ ಬದಲಿಸಿಬಿಡುತ್ತಿದ್ದೆನಲ್ಲ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಆ ಎರಡು ಸಾಲು ಅಳಿಸಿ ಎಲ್ಲವನ್ನೂ ಮತ್ತೆ ಮೊದಲಿಂದ ಸಾಗಿಸಿದೆ. ಒಟ್ಟು ಹದಿನಾಲ್ಕು ಸಲ ಸಾಗಿಸಿದ್ದೇನೆ; ಪ್ರತಿ ಸಲವೂ ಖಾಲಿ ಮನೆಯಿಂದಲೇ ಶುರು. ಕೊನೆಯ ಸಲ ಹೊಂದದೆ ಉಳಿದದ್ದು ಒಂಬತ್ತು, ಅವುಗಳನ್ನು ಕೈಯಿಂದ ಸರಿಪಡಿಸಿದೆ.

ಯಂತ್ರದಿಂದ ಆಗದ ಕೆಲಸವೂ ಒಂದಿತ್ತು. ತಾಣದ ಮೊದಲ ಎರಡು ವರ್ಷಗಳಲ್ಲಿ ಅನುವಾದಕರಿಗೆ ಪ್ರತ್ಯೇಕ ಅಂಕಣ ಇರಲಿಲ್ಲ. ಹೆಸರನ್ನು ಬರಹದ ಕೊನೆಯ ಸಾಲಿನಲ್ಲಿ ಟೈಪ್ ಮಾಡಿಬಿಡುತ್ತಿದ್ದೆವು, ಕೆಲವೆಡೆ 'ಕನ್ನಡಕ್ಕೆ', ಕೆಲವೆಡೆ 'ಅನು', ಕೆಲವೆಡೆ ಬರೀ ಹೆಸರು. ಇನ್ನೂರಕ್ಕೂ ಹೆಚ್ಚು ಬರಹಗಳು. ಐವರೂ ಸಂಪಾದಕರು ಹಂಚಿಕೊಂಡು ಒಂದೊಂದನ್ನೂ ತೆರೆದು, ಹೆಸರನ್ನು ಆ ಸಾಲಿನಿಂದ ಎತ್ತಿ ಅದರ ಜಾಗದಲ್ಲಿ ಇಟ್ಟರು. ಒಬ್ಬರೇ ಅನುವಾದಕರ ಹೆಸರು ಮೂರು ಕಾಗುಣಿತಗಳಲ್ಲಿ ಇದ್ದದ್ದೂ ಆಗಲೇ ತಿಳಿದದ್ದು.

ತಾಣ ಬದಲಿಸುವ ದಿನಕ್ಕೆ ಎರಡು ದಿನ ಮೊದಲು ಡಿಎನ್‌ಎಸ್ ದಾಖಲೆಯ (ತಾಣದ ಹೆಸರು ಯಾವ ಸರ್ವರಿಗೆ ಸೇರಿದ್ದೆಂದು ಹೇಳುವ ದಾಖಲೆ) ಆಯುಷ್ಯವನ್ನು 86,400 ಸೆಕೆಂಡುಗಳಿಂದ 300ಕ್ಕೆ ಇಳಿಸಿದೆ, ಹಳೆಯ ತಾಣದಲ್ಲಿ ಬರೆಯುವುದನ್ನು ನಿಲ್ಲಿಸಿದೆವು, ಕೊನೆಯ ಸಾಗಣೆ ಓಡಿಸಿ ವಿಳಾಸವನ್ನು ಹೊಸ ಸರ್ವರಿಗೆ ತಿರುಗಿಸಿದೆ. ಆ ದಿನ ವಿಶೇಷವೇನೂ ನಡೆಯಲಿಲ್ಲ. ಹಳೆಯ ತಾಣದ ಪುಟಗಳನ್ನೆಲ್ಲ ಸ್ಥಿರ ಪ್ರತಿಯಾಗಿ ಇಳಿಸಿಕೊಂಡು, ಡೇಟಾಬೇಸಿನ ಪ್ರತಿಯ ಜೊತೆಗೆ ಎರಡು ಕಡೆ ಇಟ್ಟೆ. ನಮ್ಮ ಬರಹಗಳ ರಚನೆ ಹೇಗಿದೆ, ಯಾವುದು ಎಲ್ಲಿದೆ ಎಂಬುದನ್ನು ಎರಡು ಪುಟಗಳಲ್ಲಿ ಬರೆದು ಐವರಿಗೂ ಕಳಿಸಿದೆ.

ಮುಂದಿನ ಆರು ವಾರ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದದ್ದು 404ರ ದಾಖಲೆ, ಅಂದರೆ ಕೇಳಿದ ಪುಟ ಸಿಗದೆಹೋದ ವಿಳಾಸಗಳ ಪಟ್ಟಿ. ಮೊದಲ ದಿನ ನೂರಾರು ಸಾಲು, ಹೆಚ್ಚಿನವು ದಾಳಿಕೋರ ಬಾಟುಗಳವು. ಅವುಗಳ ನಡುವೆ ನಿಜವಾದ ಓದುಗರ ಸಾಲುಗಳನ್ನು ಹೆಕ್ಕಿ ಒಂದೊಂದಾಗಿ ಸರಿಪಡಿಸಿದೆ: ಕೊಂಡಿಯ ಕೊನೆಗೆ ಪೂರ್ಣವಿರಾಮ ಅಂಟಿಕೊಂಡವು, ಹಳೆಯ ವರ್ಗಗಳ ಪುಟಗಳು, ನಮ್ಮ ಹಳೆಯ ಆರ್‌ಎಸ್‌ಎಸ್ ವಿಳಾಸ. ಐದನೆಯ ವಾರದಲ್ಲಿ, 404ರ ಪಟ್ಟಿಯಲ್ಲಲ್ಲ, ಸರ್ವರಿನ ಸಾಮಾನ್ಯ ದಾಖಲೆಯಲ್ಲಿ ಒಂದು ವಿಚಿತ್ರ ವಿಳಾಸ ಕಂಡಿತು. ಪ್ರಶ್ನಾರ್ಥಕ ಚಿಹ್ನೆ, ಕ್ಯೂ ಅಕ್ಷರ, ಸಮ ಚಿಹ್ನೆ, ಆಮೇಲೆ ನೋಡ್ 17. 2011ರ ಮೊದಲ ತಿಂಗಳುಗಳಲ್ಲಿ, ನಾವಿನ್ನೂ ಶುದ್ಧ ವಿಳಾಸಗಳನ್ನು ಚಾಲೂ ಮಾಡುವ ಮೊದಲು, ಡ್ರೂಪಲ್ ಕೊಡುತ್ತಿದ್ದ ರೂಪ ಅದು. ಬೇರೆ ಯಾರದೋ ಪುಟದಲ್ಲಿ ಆ ಕೊಂಡಿ ಇಷ್ಟು ವರ್ಷವೂ ಉಳಿದಿತ್ತು, ಯಾರೋ ಒಬ್ಬರು ಅದನ್ನು ಒತ್ತಿದ್ದರು, ನಮ್ಮ ಮುಖಪುಟ ನೋಡಿ ಬರಿಗೈಯಲ್ಲಿ ಮರಳಿದ್ದರು.

ನಮ್ಮ ಪ್ಲಗಿನ್ನಿಗೆ ನಾಲ್ಕು ಸಾಲು ಸೇರಿಸಿದೆ: ಆ ರೂಪದಲ್ಲಿ ಅಂಕಿ ಬಂದರೆ ಅದೇ ಅಂಕಿಯ ಬರಹಕ್ಕೆ ಕಳಿಸು. ಕೊಂಡಿಯನ್ನು ನಾನೇ ಒತ್ತಿ ನೋಡಿದೆ. 17 ತೆರೆದುಕೊಂಡಿತು, ತಾಣದ ಮೊದಲ ವಾರದಲ್ಲಿ ಪ್ರಕಟವಾದ ಒಂದು ಸಣ್ಣಕಥೆ. ಶೀರ್ಷಿಕೆಯ ಕೆಳಗೆ ಮೂಲ ಲೇಖಕರ ಹೆಸರು, ಅದರ ಪಕ್ಕದಲ್ಲಿ ಅನುವಾದಕರ ಹೆಸರು. ಆ ಹೆಸರನ್ನು ಒತ್ತಿದರೆ ಅವರು ಮಾಡಿದ ಇನ್ನೂ ಇಪ್ಪತ್ತಮೂರು ಅನುವಾದಗಳು ಒಂದರ ಕೆಳಗೊಂದು ಬಂದವು. ಅವೆಲ್ಲವನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು.